ಪೂಜೆಗೆ ಬಾರದ ಪ್ರತಿ

ಯಂಕೇಶನನ್ನು ನೇತ್ರಾವತಿ ಮೊದಲ ಸಲ ಕಂಡಾಗ ಕಳ್ಳನೆಂದೇ ತಿಳಿದಿದ್ದಳು. ಕುಷ್ಟಗಿಯ ಆ ಬೀಜದ ಕಂಪನಿಯ ಕಂಪ್ಯೂಟರ್ ಕೋಣೆಯಲ್ಲಿ ಮಂಡಿಯೂರಿ ಕೂತು, ಅವನು ಒಂದು ಮಷಿನ್ನಿನ ಹಿಂದಿನ ವೈರುಗಳನ್ನು ಒಂದೊಂದಾಗಿ ಕೀಳುತ್ತಿದ್ದ.

"ಏ ಏ! ಏನ್ ಮಾಡಾಕತ್ತೀರಿ?" ಅವಳ ಕೂಗು ಅಂಗಳದಾಚೆಯ ಗೋದಾಮಿಗೂ ಕೇಳಿತು.

"ವೈರ್ ಕೀಳಾಕತ್ತೀನ್ರಿ," ಎಂದ ಅವನು, ತಲೆ ಎತ್ತದೆ. "ಮದ್ಲ ಬಂದು ಹೋದೋರು ಇದನ್ನ ಮಾಡಿ ತೋರ್ಸಿಲ್ಲಂತಲ್ರಿ."

ಅದು ಮೂಲೆಗೆ ಬಿದ್ದಿದ್ದ ಹಳೆಯ ಮಷಿನ್ನು, ಮಾಲೀಕ ಗೋವಿಂದರಾಜರನ್ನು ಕೇಳಿಯೇ ಅವನು ಅದರ ಮೇಲೆ ಪ್ರಯೋಗಕ್ಕೆ ಕೂತಿದ್ದಾನೆ ಎಂದು ಅವಳಿಗೆ ತಿಳಿದದ್ದು ಆಮೇಲೆ. ಅಷ್ಟು ಹೊತ್ತಿಗೆ ಅವಳ ಎದೆ ಧಸಕ್ಕೆಂದು, ಬೆವರೂ ಒಡೆದಾಗಿತ್ತು. ಹೆದರುವುದು ಅವಳಿಗೆ ಹೊಸದೇನಲ್ಲ. ಹಗ್ಗ ಕಂಡರೆ ಹಾವೆನ್ನುವ ಜಾತಿ ಅವಳದು. ರಾತ್ರಿ ಬಾಗಿಲ ಚಿಲಕವನ್ನು ಮೂರು ಸಲ ಮುಟ್ಟಿ ನೋಡಿಯೇ ಮಲಗುವವಳು.

ಹೆದರಿಕೆಗೆ ಕಾರಣವೂ ಇತ್ತು. ಕಂಪನಿಗೆ ಒಂದು ಬ್ಯಾಕಪ್ ಸಾಫ್ಟ್‌ವೇರ್ ಆರಿಸುವ ಕೆಲಸವನ್ನು ಮಾಲೀಕರು ಆಫೀಸಿನ ಲೆಕ್ಕ ನೋಡಿಕೊಳ್ಳುವ ಅವಳ ತಲೆಗೇ ಕಟ್ಟಿದ್ದರು. ಸುತ್ತಲ ಹಳ್ಳಿಗಳಲ್ಲಿ ಇನ್ನೂರ ಹನ್ನೆರಡು ರೈತರ, ಬಲೆ ಹೊದಿಸಿದ ನೆಟ್‌ಹೌಸ್‌ಗಳಲ್ಲಿ ಇವರ ಮೆಣಸಿನಕಾಯಿ ಬೀಜ ಬೆಳೆಯುತ್ತಿತ್ತು. ಗಂಡುಗಿಡದ ಪರಾಗವನ್ನು ಹೆಣ್ಣುಗಿಡದ ಹೂವಿಗೆ ಕೈಯಿಂದ ಮುಟ್ಟಿಸಿ, ಗುರುತಿಗೆ ಕೆಂಪು ಉಣ್ಣೆದಾರ ಕಟ್ಟುವುದು ಹೆಂಗಸರ ಕೆಲಸ. ಅದಕ್ಕೆ ಊರಲ್ಲೆಲ್ಲ ಕ್ರಾಸಿಂಗ್ ಎಂದೇ ಹೆಸರು. ಯಾವ ತಳಿಯ ಗಂಡು, ಯಾವ ತಳಿಯ ಹೆಣ್ಣು ಎಂಬುದು ಮಾತ್ರ ಕಂಪನಿಯ ಗುಟ್ಟು. ಹೊಲದ ಚೀಟಿಯ ಮೇಲೆ ಬರೀ ಒಂದು ನಂಬರು ಮತ್ತು ದಿನದ ಲೆಕ್ಕ ಇರುತ್ತಿತ್ತು. ಆ ನಂಬರಿನ ಅರ್ಥ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆಲ್ಲೂ ಇರಕೂಡದು, ಕಾಗದದ ಮೇಲಂತೂ ಕೂಡದೇ ಕೂಡದು ಎಂದು ಗೋವಿಂದರಾಜರ ಕಟ್ಟಪ್ಪಣೆ. ಬೀಜ ಕಣ್ಣಿಗೆ ಎಲ್ಲ ಒಂದೇ. ಆ ಲೆಕ್ಕವೊಂದು ಹೋದರೆ ಇನ್ನೂರ ಹನ್ನೆರಡು ಮನೆಯವರ ಒಂದು ಹಂಗಾಮಿನ ದುಡಿಮೆ ತಿಪ್ಪೆಗೆ.

ಯಂಕೇಶನಿಗಿಂತ ಮೊದಲು ಇಬ್ಬರು ಬಂದು ಹೋಗಿದ್ದರು. ಒಬ್ಬ ಟೈ ಕಟ್ಟಿಕೊಂಡು ಬಂದು, ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು ಹೋದ. ಇನ್ನೊಬ್ಬ ವಿಡಿಯೋ ಕಾಲ್‌ನಲ್ಲೇ ನಕ್ಕು ನಕ್ಕು ಮಾತು ಮುಗಿಸಿದ. ಇವನು ಗಂಗಾವತಿಯವನು, ಸಣ್ಣದೊಂದು ಕಂಪ್ಯೂಟರ್ ಅಂಗಡಿಯವನು, ಹೆಲ್ಮೆಟ್ಟಿನಿಂದ ಕೂದಲು ಅಪ್ಪಚ್ಚಿಯಾಗಿದ್ದವನು.

"ಕಾಪಿ ಎಲ್ಲಾ ಸಾಫ್ಟ್‌ವೇರೂ ತಗೊಂತಾವ್ರಿ ಮೇಡಂ," ಎಂದ. "ವಾಪಸ್ ಕೊಡತೈತೇನು ಅಂತ ಕೇಳ್ರಿ. ತಗೊಳ್ಳೋ ಕೈ ನೋಡಿ ನಂಬಬಾರದು, ಕೊಡೋ ಕೈ ನೋಡಿ ನಂಬಬೇಕು."

ಹನ್ನೊಂದು ನಿಮಿಷಕ್ಕೆ, ಆ ಹಳೆಯ ಮಷಿನ್ನಿನಲ್ಲಿದ್ದದ್ದೆಲ್ಲ ಮೊದಲೇ ತೆಗೆದಿಟ್ಟ ಕಾಪಿಯಿಂದ ಅವನ ಲ್ಯಾಪ್‌ಟಾಪಿನಲ್ಲಿ ಮತ್ತೆ ಮೂಡಿತು. ನೇತ್ರಾವತಿ ಆ ಕೂಡಲೇ ಕರಾರಿಗೆ ಸಹಿ ಹಾಕಿದಳು.

ಅಲ್ಲಿಂದ ಪ್ರತಿ ತಿಂಗಳ ಮೊದಲ ಸೋಮವಾರ ಫೈಲು ವಾಪಸ್ ತರುವ ತಾಲೀಮು. ಅವನು ಬೈಕಿನಲ್ಲಿ ಕನಕಗಿರಿ, ತಾವರಗೇರಾ ದಾಟಿ ಬರುತ್ತಿದ್ದ. ಬ್ಯಾಕಪ್ಪಿನ ಡಿಸ್ಕಿನಿಂದ ಎಲ್ಲವನ್ನೂ ತನ್ನ ಖಾಲಿ ಲ್ಯಾಪ್‌ಟಾಪಿಗೆ ಇಳಿಸುತ್ತಿದ್ದ. ಅದಕ್ಕೆ ಬೀಗವಿತ್ತು. ಪಾಸ್‌ವರ್ಡು ಅವಳೊಬ್ಬಳ ನೆನಪಿನಲ್ಲಿ, ಅದನ್ನು ಬರೆದ ಚೀಟಿ ಮಾಲೀಕರ ತಿಜೋರಿಯಲ್ಲಿ. ಅವಳು ತೆರೆದು, ಸರಿಯಿದೆ ಎಂದ ಮೇಲೆ, ಅವಳ ಕಣ್ಣೆದುರೇ ಅವನು ಅದನ್ನು ಅಳಿಸಬೇಕು, ಅವಳು ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಕಂಪನಿಯ ಕರಾರು ಹಾಗಿತ್ತು.

ಆ ಹನ್ನೊಂದು ನಿಮಿಷ ಅವಳು ಕಣ್ಣು ಮುಚ್ಚಿ ಕೂರುತ್ತಿದ್ದಳು.

"ಕಣ್ಣು ಮುಚ್ಚಿದ್ರ ಫೈಲ್ ಲಗೂನ ಬರತಾವೇನ್ರಿ?"

"ನೀವು ಸುಮ್ಮನಿದ್ರ ಬರತಾವ."

"ನಾ ಸುಮ್ಮನ ಇದ್ದೀನ್ರಿ. ನಿಮ್ಮ ಬಳಿ ಸಪ್ಪಳ ಮಾಡಾಕತ್ತಾವ."

ನಿಜ, ಅವಳ ಕೈ ನಡುಗಿ ಗಾಜಿನ ಬಳೆ ಸದ್ದು ಮಾಡುತ್ತಿದ್ದವು. ಅವಳು ಇನ್ನೊಂದು ಕೈಯಿಂದ ಬಳೆಗಳನ್ನು ಹಿಡಿದುಕೊಂಡಳು. ಅವನು ನಗದೆ ಸ್ಕ್ರೀನ್ ಕಡೆ ತಿರುಗಿದ, ಆದರೆ ಕೆನ್ನೆಯ ಗುಳಿ ಅವನ ಮಾತು ಕೇಳಲಿಲ್ಲ. ತಾಲೀಮು ಮುಗಿದ ಮೇಲೆ ಇಬ್ಬರಿಗೂ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ. ಕಾವಲುಗಾರ ಕಾಳಪ್ಪ ತಂದಿಡುತ್ತಿದ್ದ. ಮುಗಿಯುವ ಮೊದಲು ಯಂಕೇಶ ಒಂದು ತುತ್ತೂ ಮುಟ್ಟುತ್ತಿರಲಿಲ್ಲ.

ಬಂದದ್ದು ಹೊಸ ಕಾಪಿಯೇ, ಹಳೆಯದೇ ಎಂದು ತಿಳಿಯಲು ಅವಳು ಪ್ರತಿ ಸಲವೂ ಹಿಂದಿನ ದಿನ ಒಂದು ಪುಟ್ಟ ಫೈಲಿನಲ್ಲಿ ಒಂದು ಸಾಲು ಬರೆದಿಡಬೇಕಿತ್ತು. ಮೊದಲ ತಿಂಗಳು "ಇಂದು ಭಾನುವಾರ" ಎಂದು ಬರೆದಳು. ಮುಂದಿನ ತಿಂಗಳು, "ನಾಳೆ ಮಳಿ ಬರಂಗೈತಿ, ಹೊಳ್ಳಿ ಹೋಗೂ ಮುಂದ ರೇನ್‌ಕೋಟ್ ಹಾಕ್ಕೋರಿ." ಅದರ ಮುಂದಿನದು, "ಮಿರ್ಚಿ ಖಾರ ಇದ್ರ ಖಾರ ಅನ್ನಬೇಕು, ಕಣ್ಣಾಗ ನೀರ ತರಬಾರದು." ಅವನು ಓದಿ, ಗಂಭೀರವಾಗಿ, "ಫೈಲ್ ಸರಿ ಐತ್ರಿ ಮೇಡಂ," ಎನ್ನುತ್ತಿದ್ದ. ಇಷ್ಟೇ. ಆದರೆ ಆ ಒಂದು ಸಾಲಿಗಾಗಿ ಅವಳು ತಿಂಗಳಿಡೀ ಯೋಚಿಸುತ್ತಿದ್ದಳೆಂದು ಹೇಳಿದರೆ ನಂಬಬೇಕು.

ಹೇಳಿಬಿಡುವುದಕ್ಕೆ ಮಾತ್ರ ಧೈರ್ಯವಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ನಿಶ್ಚಯವಾಗಿತ್ತು. ಹುಡುಗನಿಗೆ ಸರ್ಕಾರಿ ನೌಕರಿ ಬಂದದ್ದೇ ತಡ, ಅವರ ಮನೆಯವರು ಎಲೆ ಅಡಿಕೆ ವಾಪಸ್ ಕಳಿಸಿದ್ದರು. ಅವಳ ತಾಯಿ ರೇಣುಕಾದೇವಿ ಅಂದು ಅತ್ತದ್ದನ್ನು ಅವಳು ಈಗಲೂ ಮರೆತಿರಲಿಲ್ಲ. ಒಮ್ಮೆ ಕೊಟ್ಟ ಮನಸ್ಸನ್ನು ವಾಪಸ್ ತೆಗೆಯುವ ಸಾಫ್ಟ್‌ವೇರ್ ಯಾರ ಅಂಗಡಿಯಲ್ಲೂ ಸಿಗುವುದಿಲ್ಲ.

ಆದರೂ ಹೋದ ತಿಂಗಳು ಅವಳು ಬರೆದೇಬಿಟ್ಟಳು. "ನನಗ ಅಂಜಿಕಿ ಭಾಳ. ಆದ್ರೂ ಮೊದಲ ಸೋಮವಾರ ಯಾವಾಗ ಬರತೈತೋ ಅಂತ ದಾರಿ ಕಾಯ್ತೀನಿ."

ಯಂಕೇಶ ಓದಿದ. ಕೆನ್ನೆಯ ಗುಳಿ ಮೂಡಲಿಲ್ಲ. "ಫೈಲ್ ಸರಿ ಐತ್ರಿ," ಎಂದ. ಮೇಡಂ ಎನ್ನಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಚೀಲಕ್ಕೆ ಹಾಕಿ, "ಹೊತ್ತಾತ್ರಿ, ಊರಿಗೆ ಹೋಗಿ ಅಳಸ್ತೀನಿ," ಎಂದು ಮಿರ್ಚಿಯನ್ನೂ ಮುಟ್ಟದೆ ಎದ್ದು ಹೋದ. ಅವಮಾನಕ್ಕೆ ಅವಳ ಕಿವಿ ಕಾದು ಹೋದವು. ಏನು ಮಾಡುತ್ತಿದ್ದೇನೆಂಬ ಪರಿವೆಯೂ ಇಲ್ಲದೆ, 'ಅಳಿಸಿದ್ದನ್ನು ನೋಡಿದ್ದೇನೆ' ಎಂಬ ಸಾಲಿನ ಮುಂದೆ ಸಹಿ ಹಾಕಿದಳು.

ನಾಲ್ಕು ವಾರ ಅವನಿಂದ ಒಂದು ಫೋನೂ ಇಲ್ಲ.

ಅಷ್ಟರಲ್ಲಿ ದಸರೆಯ ಖಂಡೇಪೂಜೆ ಬಂತು. ಕಂಪನಿಯ ಆಯುಧಗಳೆಲ್ಲ ಒಂದೇ ಕಡೆ ಪೂಜೆಗೆ ಕೂರಬೇಕೆಂದು ಗೋವಿಂದರಾಜರ ಆಸೆ. ತಕ್ಕಡಿ, ಚೀಲ ಹೊಲಿಯುವ ಮಷಿನ್ನು, ಪರಾಗದ ಡಬ್ಬಿ, ಕತ್ತರಿ, ಚಿಮಟ, ಎಲ್ಲ ಬಂದವು. ಕಂಪ್ಯೂಟರ್ ಕೋಣೆಯಲ್ಲೇ, ಲೆಕ್ಕವೆಲ್ಲ ಇದ್ದ ಸರ್ವರಿನ ಪಕ್ಕದ ದೊಡ್ಡ ಟೇಬಲ್ಲಿಗೆ ಹೊಸ ಸೀರೆ ಹಾಸಿ ಜೋಡಿಸಿದರು.

ಬ್ಯಾಕಪ್ಪಿನ ಡಿಸ್ಕು ಮೂರಿದ್ದವು. "ಮೂರು ಪ್ರತಿ, ಮೂರು ಜಾಗ. ದೇವರು ಬಂದು ಕೇಳಿದ್ರೂ ಮೂರನ್ನೂ ಒಂದ ಕಡೆ ಇಡಬ್ಯಾಡ್ರಿ," ಎಂದು ಯಂಕೇಶ ಮೊದಲ ದಿನವೇ ಹೇಳಿದ್ದ. ಒಂದು ಆಫೀಸಿನ ಅಲಮಾರಿನಲ್ಲಿ, ಒಂದು ಯಲಬುರ್ಗಾದ ಗೋದಾಮಿನಲ್ಲಿ ಮ್ಯಾನೇಜರ್ ಪಂಪಾಪತಿಯವರ ವಶದಲ್ಲಿ, ಒಂದು ಅವಳ ಮನೆಯಲ್ಲಿ, ತಾಯಿಯ ಸೀರೆಗಳ ಟ್ರಂಕಿನಲ್ಲಿ.

ಆದರೆ ವರ್ಷವಿಡೀ ತನ್ನನ್ನು ಕಾಯುವ ವಸ್ತುವನ್ನು ಪೂಜೆಗೆ ತಾರದೆ ಮನೆಯಲ್ಲಿಟ್ಟರೆ? ಅದೇ ಸಿಟ್ಟಿಗೆದ್ದು ಕೈಕೊಟ್ಟರೆ? ಅಂಜುಬುರುಕಿಯ ತಲೆ ಹೀಗೆಯೇ ಓಡುವುದು. ಅವಳು ಟ್ರಂಕಿನಿಂದ ಡಿಸ್ಕು ತೆಗೆದಳು. ಅಷ್ಟೇ ಅಲ್ಲ, ಯಲಬುರ್ಗಾಕ್ಕೂ ತಾನೇ ಫೋನು ಮಾಡಿದಳು: "ಸರ್, ಬರೋ ಮುಂದ ನಿಮ್ಮ ಡಿಸ್ಕೂ ತರ್ರಿ. ಒಂದು ಹೂವರ ಏರಸೋಣ."

ಮೂರು ಡಿಸ್ಕಿಗೂ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಸೇವಂತಿಗೆ ಏರಿಸಿದವಳು ಅವಳೇ. ಮುಂಜಾನೆ ಹತ್ತಕ್ಕೆ ಗೋವಿಂದರಾಜರು ಮಂಗಳಾರತಿ ಮಾಡಿ ಕರ್ಪೂರದ ತಟ್ಟೆಯನ್ನು ಟೇಬಲ್ಲಿನ ತುದಿಗಿಟ್ಟರು. ಎಲ್ಲರೂ ಪ್ರಸಾದಕ್ಕೆ ಅಂಗಳಕ್ಕೆ ಹೋದರು. ಹೋಗುವಾಗ ಯಾರೋ, "ಎಷ್ಟ ಸೆಖಿ," ಎಂದು ಫ್ಯಾನು ಹಾಕಿದ್ದರು.

ಸೀರೆಯ ಸೆರಗು ಹಾರಿ ಕರ್ಪೂರದ ಮೇಲೆ ಬಿತ್ತು.

ಕಾಳಪ್ಪ ಹೊಗೆ ಕಂಡು ಕೂಗಿಕೊಂಡಾಗ ಟೇಬಲ್ಲು ಧಗಧಗ ಉರಿಯುತ್ತಿತ್ತು. ಉರಿ ಸರ್ವರಿಗೂ ತಗುಲಿತ್ತು. ಅವನು ಮೇನ್ ಸ್ವಿಚ್ ಇಳಿಸಿ ಕೊಡ ಕೊಡ ನೀರು ಸುರಿದ. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಸರ್ವರು ಕರಕಲಾಗಿತ್ತು. ಮೂರು ಡಿಸ್ಕು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದರ ಮೇಲೆ ಅವಳು ಇಟ್ಟ ಕುಂಕುಮ ಇನ್ನೂ ಕಾಣುತ್ತಿತ್ತು.

ನೇತ್ರಾವತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಬ್ಯಾಕಪ್ ಐತಲ್ಲವ್ವಾ?" ಎಂದರು ಗೋವಿಂದರಾಜರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಂಬಿಕೆಯಿತ್ತು. ಅದಕ್ಕೇ ಅವಳಿಗೆ ಇನ್ನೂ ಭಯವಾಯಿತು. ಅವಳು ಅಂಟಿಕೊಂಡಿದ್ದ ಮೂರು ಡಿಸ್ಕಿನ ಕಡೆ ಬೆರಳು ತೋರಿಸಿದಳು. ಪಂಪಾಪತಿ ಹಣೆ ಹಿಡಿದುಕೊಂಡು ಚೀಲಗಳ ಮೇಲೆ ಕುಸಿದರು.

ಅಂಗಳದಲ್ಲಿ ಪ್ರಸಾದಕ್ಕೆ ಬಂದಿದ್ದ ಪಕ್ಕೀರವ್ವ ಬಾಗಿಲಲ್ಲಿ ನಿಂತಿದ್ದಳು. ಕ್ರಾಸಿಂಗ್ ಹೆಂಗಸರ ಮುಂದಾಳು. ಪರಾಗ ಮುಟ್ಟಿ ಮುಟ್ಟಿ ಹಳದಿಯಾದ ಬೆರಳು. "ಏನಾತವ್ವಾ? ನಮ್ಮ ಬೀಜಕ್ಕೇನೂ ಆಗಿಲ್ಲಲ್ಲ?" ಎಂದಳು.

ನೇತ್ರಾವತಿ ಅವಳನ್ನು ದಾಟಿ ಹೊರಗೆ ಬಂದಳು.

ಫೋನು ಮಾಡಲೇಬೇಕಿತ್ತು. ತನ್ನ ಮನಸ್ಸಿನ ಸಾಲಿಗೆ ಬೆನ್ನು ತಿರುಗಿಸಿ ಹೋದವನಿಗೇ, ಅವನು ಹೇಳಿದ ಒಂದೇ ಒಂದು ಮಾತನ್ನು ಮುರಿದೆನೆಂದು ತಾನೇ ಹೇಳಬೇಕಿತ್ತು. ಅವಳು ಗೋದಾಮಿನ ಹಿಂದೆ ಹೋಗಿ, ಬೇವಿನಮರಕ್ಕೆ ಒರಗಿ ನಂಬರು ಒತ್ತಿದಳು.

"ಹೇಳ್ರಿ ಮೇಡಂ."

"ಎಲ್ಲಾ ಸುಟ್ಟೈತ್ರಿ. ಸರ್ವರೂ, ಡಿಸ್ಕೂ."

"ನಿಮಗೇನೂ ಆಗಿಲ್ಲಲ್ರಿ?"

"ಇಲ್ರಿ."

"ಸುಮ್ಮನ ಕೂಡ್ರಿ. ನೀರ ಕುಡೀರಿ. ನಿಮ್ಮ ಮನ್ಯಾಗಿನ ಡಿಸ್ಕು?"

"ಪೂಜಾಕ್ಕ ತಂದಿದ್ದೆ." ಅವಳ ದನಿ ಒಡೆಯಿತು. "ಯಲಬುರ್ಗಾದ್ದೂ ನಾನ ತರಸಿದ್ದೆ."

ಬೈಯಲಿ, ಎರಡೇಟು ಹೊಡೆಯಲಿ, ಮಾತಾಡಲಿ ಎಂದು ಅವಳು ಕಣ್ಣು ಮುಚ್ಚಿ ಕಾದಳು.

"ಬರ್ತೀನಿ," ಎಂದ ಅವನು. ಫೋನು ಕಟ್ಟಾಯಿತು.

ಎರಡು ಗಂಟೆಯ ದಾರಿ. ಆ ಎರಡು ಗಂಟೆ ಅವಳು ಬೇವಿನ ಕಟ್ಟೆ ಬಿಟ್ಟು ಏಳಲಿಲ್ಲ. ಮೈಯೆಲ್ಲ ಧೂಳಾಗಿ ಬಂದಿಳಿದ ಯಂಕೇಶ ಹೆಲ್ಮೆಟ್ಟು ತೆಗೆದ. ಅವನ ಮುಖ ನೋಡಿ ಅವಳಿಗೆ ಆಶ್ಚರ್ಯವಾಯಿತು. ಅವನೂ ಹೆದರಿದ್ದ. ಚೀಲದ ಜಿಪ್ಪನ್ನು ಅರ್ಧ ಎಳೆದು ಮತ್ತೆ ಮುಚ್ಚಿದ.

"ನಾನೂ ಒಂದು ತಪ್ಪು ಮಾಡೀನ್ರಿ," ಎಂದ. "ಹೇಳಿದ್ರ ನನ್ನ ಕೆಲಸ ಹೋಗಬಹುದು. ಕಳ್ಳ ಅಂತನೂ ಅನ್ನಬಹುದು."

"ಏನ್ರಿ?"

"ಹೋದ ತಿಂಗಳ ತಾಲೀಮಿನ ಕಾಪಿ ಅಳಸಿಲ್ಲ. ಈ ಲ್ಯಾಪ್‌ಟಾಪಿನಾಗ ಹಂಗ ಐತಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ ನಂಬಿಕೆಯಾಗಲಿಲ್ಲ. "ಯಾಕ ಅಳಸಲಿಲ್ರಿ?"

ಯಂಕೇಶ ನೆಲ ನೋಡಿದ. "ಅದರಾಗ ನಿಮ್ಮ ಸಾಲು ಇತ್ತಲ್ರಿ. ದಿನಾ ಅಳಸಾಕ ಕೂಡ್ತಿದ್ದೆ, ಕೈ ಬರತಿರಲಿಲ್ಲ. ಪಾಸ್‌ವರ್ಡ್ ಇಲ್ದ ತೆಗದು ಓದಾಕ ಬರಂಗಿಲ್ಲ, ಅದೂ ಗೊತ್ತು. ಆದ್ರೂ ಒಳಗ ಐತಲ್ಲ ಅಂತ ಇಟ್ಕೊಂಡೆ."

"ಮತ್ತ ಅವತ್ತ ಯಾಕ ಎದ್ದು ಹೋದ್ರಿ?"

"ಅಂಜಿಕಿ ಬಂತ್ರಿ." ಅವನು ತಲೆ ಎತ್ತಿದ. "ಅಂಜೋದು ನಿಮಗೊಬ್ರಿಗೇ ಬರೋ ಕೆಲಸ ಅಂತ ತಿಳದೀರೇನು? ನನ್ನದೇನೈತಿ, ಸಣ್ಣ ಅಂಗಡಿ. ನಿಮ್ಮವ್ವಾರು ನೌಕರಿ ಇದ್ದೋನನ್ನ ಹುಡುಕಾಕತ್ತಾರ ಅಂತ ಕಾಳಪ್ಪ ಹೇಳಿದ್ದ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಆದರೆ ಅಳಲು ಹೊತ್ತಿರಲಿಲ್ಲ. ಲ್ಯಾಪ್‌ಟಾಪು ತೆಗೆದರೆ ಮಾಲೀಕರು ಕೇಳುವ ಮೊದಲ ಪ್ರಶ್ನೆ, ಇದು ನಿನ್ನ ಹತ್ತಿರ ಹೇಗೆ ಉಳಿಯಿತು ಎಂಬುದೇ. ಕಂಪನಿಯ ಗುಟ್ಟಿನ ವಿಷಯದಲ್ಲಿ ಗೋವಿಂದರಾಜರು ಒಡಹುಟ್ಟಿದ ತಮ್ಮನನ್ನೇ ಹೊರಗಟ್ಟಿದ ಮನುಷ್ಯ. ಯಂಕೇಶ ಒಳಗೆ ಹೊರಟ. ಅವಳು ಅವನ ದಾರಿಗೆ ಅಡ್ಡ ನಿಂತಳು.

"ತಡೀರಿ. ನಾ ಹೇಳ್ತೀನಿ."

ಹುಟ್ಟಿದಾಗಿನಿಂದ ಅಷ್ಟು ಹೆದರಿರಲಿಲ್ಲ ಅವಳು. ಆದರೂ ರಿಜಿಸ್ಟರನ್ನು ಎತ್ತಿಕೊಂಡು ಹೋಗಿ ಮಾಲೀಕರ ಮುಂದೆ ತೆರೆದಿಟ್ಟಳು.

"ಸರ್, ಒಂದು ಕಾಪಿ ಉಳದೈತಿ. ಯಂಕೇಶ ಅವರು ಅಳಸಿಲ್ಲ. ಅಳಸಿದ್ದನ್ನ ನೋಡೀನಿ ಅಂತ ಸುಳ್ಳ ಸಹಿ ಮಾಡಿದಾಕಿ ನಾನು. ಮೂರು ಡಿಸ್ಕು ಒಂದ ಕಡೆ ತಂದಾಕಿನೂ ನಾನು. ಅವರನ್ನ ಕಳ್ಳ ಅನ್ನೂದಾದ್ರ ಮದ್ಲ ನನಗ ಅನ್ರಿ."

ಗೋವಿಂದರಾಜರು ರಿಜಿಸ್ಟರು ನೋಡಿದರು. ಅವನನ್ನು ನೋಡಿದರು. ಅವಳನ್ನು ನೋಡಿದರು. ಬಾಗಿಲಲ್ಲಿ ಪಕ್ಕೀರವ್ವ ಇನ್ನೂ ನಿಂತೇ ಇದ್ದಳು.

"ಸಹಿ ಮಾತು ಆಮ್ಯಾಲೆ," ಎಂದರು ಕೊನೆಗೆ. "ಮದ್ಲ ಅದು ತೆಗಿಯತೈತೇನು ನೋಡ್ರಿ."

ಹಜಾರದಲ್ಲಿ, ಅಕ್ಕಿಯ ಹಾಗೆ ಬೆಳ್ಳಗಾದ ಮುಖಗಳ ನಡುವೆ, ಅವಳು ಪಾಸ್‌ವರ್ಡ್ ಒತ್ತಿದಳು. ತಪ್ಪು. ಮತ್ತೆ ಒತ್ತಿದಳು. ತಪ್ಪು.

"ನಾ ಹೊರಗ ನಿಂದರ್ಲೇನ್ರಿ?" ಎಂದ ಯಂಕೇಶ, ಮೆಲ್ಲಗೆ.

"ಬ್ಯಾಡ. ಇಲ್ಲೇ ಇರ್ರಿ."

ಅವನು ಪಕ್ಕದಲ್ಲೇ ನಿಂತ. ಅವಳು ಎಡಗೈಯಿಂದ ಬಲಗೈಯ ಬಳೆಗಳನ್ನು ಹಿಡಿದು, ಒಂದೊಂದೇ ಅಕ್ಷರ ಒತ್ತಿದಳು. ಈ ಸಲ ಬೀಗ ತೆರೆಯಿತು. ಫೈಲುಗಳು ಒಂದೊಂದಾಗಿ ತೆರೆಯತೊಡಗಿದವು. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. ಮೊದಲ ರೈತನ ಹೆಸರು ಬಂತು, ಗಂಡು ಹೆಣ್ಣಿನ ನಂಬರು ಬಂತು. ಇನ್ನೂರ ಹನ್ನೆರಡನೆಯದೂ ಬಂತು. ಎಲ್ಲಕ್ಕೂ ಕೊನೆಗೆ ಅವಳ ಸಾಲಿನ ಪುಟ್ಟ ಫೈಲೂ ತೆರೆದುಕೊಂಡಿತು. ಅವಳು ಅದನ್ನು ಸರಕ್ಕನೆ ಮುಚ್ಚಿದಳು. ಆದರೆ ಗೋವಿಂದರಾಜರ ಕನ್ನಡಕ ಹೊಸದು, ಚೆನ್ನಾಗಿ ಕಾಣುತ್ತಿತ್ತು. ಅವರು ಕೆಮ್ಮಿ, ರಿಜಿಸ್ಟರನ್ನು ಮಡಚಿ, ತಮ್ಮ ಮೇಜಿನ ಡ್ರಾಯರಿಗೆ ಹಾಕಿದರು.

"ಮುಂದಿನ ವರ್ಷದಿಂದ ಒಂದು ಡಿಸ್ಕು ಪೂಜಾಕ್ಕ ಬರಬಾರದು," ಎಂದರು. "ಅದರ ಪಾಲಿನ ಹೂವು ಅದರ ಮನಿಗೇ ಕಳಸ್ರಿ."

ಆ ಕಾಪಿ ತೆಗೆದ ಮೇಲೆ ಹೊಲದಲ್ಲಿ ಆದ ನಾಲ್ಕು ವಾರದ ಕ್ರಾಸಿಂಗಿನ ಲೆಕ್ಕ ಮಾತ್ರ ಹೋಗಿತ್ತು. ಅದನ್ನು ಹೊಲದ ಚೀಟಿಗಳಿಂದಲೇ ಬರೆದುಕೊಂಡು ತುಂಬಬೇಕಿತ್ತು. ಮರುದಿನ ದಸರೆಯ ರಜೆ ಬಿಟ್ಟು ಇಬ್ಬರೂ ಮೊದಲ ನೆಟ್‌ಹೌಸಿಗೆ ಇಳಿದರು. ಪಕ್ಕೀರವ್ವ ಸಾಲು ಸಾಲು ನಡೆದು ಕೂಗಿ ಹೇಳಿದಳು, ಅವನು ಬರೆದ, ಅವಳು ತಾಳೆ ನೋಡಿದಳು. ಕೆಂಪುದಾರ ಕಟ್ಟಿದ ಕಾಯಿಗಳು ಗಿಡದ ತುಂಬ ತೂಗುತ್ತಿದ್ದವು.

"ಈ ಹುಡುಗ ನಂಬರು ಬರಕೊಳ್ಳಾಕ ಬಂದಾನೋ, ನಿನ್ನ ಮಾರಿ ನೋಡಾಕ ಬಂದಾನೋ?" ಎಂದಳು ಪಕ್ಕೀರವ್ವ, ಎಲ್ಲರಿಗೂ ಕೇಳುವಂತೆ. "ಇಪ್ಪತ್ತ ಹೇಳಿದ್ರ ಮೂವತ್ತ ಬರದಾನ." ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಯಂಕೇಶ ಅಂಕಿ ತಿದ್ದಿದ, ಕಿವಿ ಕೆಂಪಗಾಗಿತ್ತು.

ಸಂಜೆ ಎಲ್ಲರೂ ಬನ್ನಿ ಮುಡಿದು ಬಂದರು. ಹೆಂಗಸರು ಒಬ್ಬರಿಗೊಬ್ಬರು ಎಲೆ ಕೊಟ್ಟುಕೊಳ್ಳುತ್ತಾ ಹೊಲದ ಬದುವಿನ ಮೇಲೆ ಮನೆಗೆ ಹೊರಟರು. ಯಂಕೇಶ ಹಿಂದೆ ಉಳಿದ. ಅವನ ಕೈಯಲ್ಲಿ ಬನ್ನಿಯ ಒಂದು ಟೊಂಗೆ ಇತ್ತು.

"ನಿಮ್ಮ ಸಾಲಿಗೆ ನಾ ಉತ್ತರ ಕೊಟ್ಟಿಲ್ಲ," ಎಂದ. "ನಾನೂ ದಾರಿ ಕಾಯ್ತೀನ್ರಿ. ನಾಳೆ ನಿಮ್ಮವ್ವಾರ ಮುಂದ ಬಂದು ಕೇಳಿದ್ರ ನಡಿತೈತೇನು?"

"ಬೈತಾರ."

"ಬೈಲಿ. ನೀವ ಏನಂತೀರಿ?"

ಅವ್ವ ಅಳಬಹುದು, ಜನ ಆಡಿಕೊಳ್ಳಬಹುದು, ಇದೂ ಮುರಿದುಬೀಳಬಹುದು. "ನನ್ನ ಅಂಜಿಕಿ ಹೋಗಿಲ್ರಿ," ಎಂದಳು. "ಬರ್ರಿ ಅಂತ ಹೇಳಾಕೂ ಅಂಜಿಕಿ ಬರಾಕತ್ತೈತಿ."

"ಅಂಜಕೋತನ ಹೇಳ್ರಿ."

"ಬರ್ರಿ."

ಅವನು ಬನ್ನಿ ಮುಂದೆ ಚಾಚಿದ. "ಬನ್ನಿ ತಗೊಂಡು ಬಂಗಾರದಂಗ ಇರೋಣ."

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡು, ನಡುವೆ ಹಿಡಿದು ಟೊಂಗೆಯನ್ನು ಎರಡು ಮಾಡಿದಳು. ಒಂದನ್ನು ತನ್ನ ಮುಡಿಗೆ ಸಿಕ್ಕಿಸಿಕೊಂಡು, ಇನ್ನೊಂದನ್ನು ಅವನ ಅಂಗಿಯ ಜೇಬಿಗೆ ತಾನೇ ಇಟ್ಟಳು.

"ಇದನ್ನ ಗಂಗಾವತಿಗೆ ಒಯ್ರಿ," ಎಂದಳು. "ಎಲ್ಲಾ ಒಂದ ಕಡೆ ಇಡಬಾರದು."